ಬೆಟ್ಟ ಬಂದ್

ಬೆಳಿಗ್ಗೆ ಆರೂ ಮುಕ್ಕಾಲಿಗೆ ಮಂಡ್ಯದಿಂದ ಅಪ್ಪನ ಫೋನ್ ಬಂದರೆ ಎರಡೇ ಕಾರಣ. ಕೆಆರ್‌ಎಸ್‌ನಲ್ಲಿ ನೀರು ಏರಿದೆ, ಇಲ್ಲವೇ ಇಳಿದಿದೆ. ನೀರಾವರಿ ಇಲಾಖೆಯಿಂದ ರಿಟೈರ್ ಆಗಿ ಹನ್ನೊಂದು ವರ್ಷವಾದರೂ ಕಟ್ಟೆಯ ಮಟ್ಟ ನೋಡದೆ ಅವರಿಗೆ ಕಾಫಿ ಇಳಿಯುವುದಿಲ್ಲ. 124.80 ಅಡಿ ತುಂಬಿದ ದಿನ ಮನೆಯಲ್ಲಿ ಪಾಯಸ. ಅಪ್ಪನಿಗೆ ಶುಗರ್ ಇರುವುದರಿಂದ ಪಾಯಸ ಕುಡಿಯುವುದು ಅಮ್ಮ, ಸಂಭ್ರಮಪಡುವುದು ಅಪ್ಪ.

ಅವತ್ತು ಮಾತ್ರ ಸುದ್ದಿ ಬೇರೆ ಇತ್ತು.

"ಬೆಟ್ಟ ಬಂದ್ ಆಗೈತೆ ಕಣವ್ವ."

ನನ್ನ ಎದೆ ಧಸಕ್ ಅಂದಿತು. 2021ರ ಮಳೆಯಲ್ಲಿ ಚಾಮುಂಡಿ ಬೆಟ್ಟದ ನಂದಿ ಕಡೆಯ ರಸ್ತೆ ಕುಸಿದದ್ದು ಕಣ್ಣ ಮುಂದೆ ಬಂತು. ಸರಸ್ವತಿಪುರದ ನಮ್ಮ ಮನೆಯ ತಾರಸಿಗೆ ಓಡಿ ನೋಡಿದೆ. ಬೆಟ್ಟ ಇದ್ದಲ್ಲೇ ಇತ್ತು. ತಲೆಗೆ ಸ್ವಲ್ಪ ಮೋಡ ಸುತ್ತಿಕೊಂಡು ಆರಾಮಾಗಿ ಕೂತಿತ್ತು.

ಬಂದ್ ಆಗಿದ್ದು ಅಪ್ಪನ ಕಂಪ್ಯೂಟರಿನಲ್ಲಿ. ಆಷಾಢದ ಮೊದಲ ಶುಕ್ರವಾರ ಅಮ್ಮನಿಗೆ ಬೆಟ್ಟಕ್ಕೆ ಬರಲೇಬೇಕು. ಸ್ವಂತ ಗಾಡಿ ಮೇಲಕ್ಕೆ ಬಿಡುತ್ತಾರೋ, ಬಸ್ಸು ಎಲ್ಲಿಂದ ಹೊರಡುತ್ತದೋ ನೋಡೋಣ ಅಂತ ಅಪ್ಪ 'ಚಾಮುಂಡಿ ಬೆಟ್ಟ ಬಸ್' ಎಂದು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿದ್ದಾರೆ. ಬಸ್ಸೂ ಬರಲಿಲ್ಲ, ಬೆಟ್ಟವೂ ಬರಲಿಲ್ಲ. ಬೂದು ಬಣ್ಣದ ಒಂದು ಖಾಲಿ ಪುಟ, ಮಧ್ಯೆ ಎರಡು ಸಾಲು ಇಂಗ್ಲಿಷ್.

"ಏನು ಬರೆದಿದೆ ಅಪ್ಪ?"

"ಯಾವುದೋ ಎಕ್ಸ್‌ಟೆನ್ಷನ್‌ನವರು ಬ್ಲಾಕ್ ಮಾಡವ್ರಂತೆ. ಆ ಮೇಲ್ಗಡೆ ಎಕ್ಸ್‌ಟೆನ್ಷನ್‌ನವರೇ ಇರಬೇಕು. ನಲ್ಲಿ ನೀರಿನ ವಿಷಯದಲ್ಲೂ ಹಿಂಗೇ ಮಾಡಿದ್ರು, ನೆನಪೈತಾ?"

ನಲ್ಲಿ ನೀರಿನ ವಿಷಯ ಶುರುವಾದರೆ ಮುಕ್ಕಾಲು ಗಂಟೆ. ಒಲೆಯ ಮೇಲೆ ಹಾಲಿತ್ತು. ಆ ಎರಡು ಸಾಲನ್ನು ಪೂರ್ತಿ ಓದಿ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ನಾನು ತೆರಿಗೆ ಸಲಹೆಗಾರಳು. ಜುಲೈ ಕೊನೆಯವರೆಗೆ ನನಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಆದರೆ ಇಂಟರ್ನೆಟ್ ಕೈಕೊಟ್ಟರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿರುವಷ್ಟು ನನಗೂ ಗೊತ್ತು. ಸ್ವಿಚ್ ಆಫ್ ಮಾಡಿ, ಮೂವತ್ತರವರೆಗೆ ಎಣಿಸಿ, ಆನ್ ಮಾಡೋದು. ಅಪ್ಪನಿಗೆ ಅದನ್ನೇ ಹೇಳಿದೆ. ಅವರು ಫೋನಿನಲ್ಲೇ ಜೋರಾಗಿ ಎಣಿಸಿದರು. ಹನ್ನೆರಡಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಅಮ್ಮನ ಕೂಗು. ವೈಫೈ ಡಬ್ಬದ ಸ್ವಿಚ್ ಯಾವುದು ಅಂತ ಗೊತ್ತಾಗದೆ ಅಪ್ಪ ಮೇನ್ ಸ್ವಿಚ್ಚನ್ನೇ ಇಳಿಸಿದ್ದರು. ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿತ್ತು.

"ಮೂವತ್ತು ಎಣಿಸೋ ತನಕ ತಡಿ" ಅಂದರು ಅಪ್ಪ. ಅಮ್ಮ ತಡೆಯಲಿಲ್ಲ.

ಹನ್ನೊಂದು ಗಂಟೆಗೆ ಕೇಬಲ್ ಹುಡುಗ ಬಂದ. ಎರಡು ಇಡ್ಲಿ ತಿಂದ, ಒಂದು ಕಾಫಿ ಕುಡಿದ, ಡಬ್ಬದ ದೀಪ ಎಣಿಸಿದ, "ಲೈನು ಬೆಣ್ಣೆ ಥರ ಇದೆ ಸಾರ್" ಅಂದ. ಅಷ್ಟಕ್ಕೇ ಬಿಡದೆ ಅದೇ ವೈಫೈಗೆ ತನ್ನ ಮೊಬೈಲ್ ಸೇರಿಸಿ ತೋರಿಸಿದ. ಬೆಟ್ಟ ಬಂತು, ಬಸ್ಸೂ ಬಂತು. ಅಪ್ಪನ ಕಂಪ್ಯೂಟರಿನಲ್ಲಿ ಮಾತ್ರ ಅದೇ ಬೂದು ಪುಟ.

ಒಂದೇ ಮನೆ, ಒಂದೇ ಲೈನು, ಮೊಬೈಲಿಗೆ ಬರುತ್ತೆ, ಕಂಪ್ಯೂಟರಿಗೆ ಬರಲ್ಲ. ಅಂದಮೇಲೆ ಲೈನಿನ ತಪ್ಪಲ್ಲ, ಡಬ್ಬದ ತಪ್ಪಲ್ಲ, ಸೈಟಿನ ತಪ್ಪೂ ಅಲ್ಲ. ಕಾಯಿಲೆ ಆ ಕಂಪ್ಯೂಟರಿನ ಹೊಟ್ಟೆಯಲ್ಲೇ ಇದೆ. ಇದನ್ನು ಎರಡು ಇಡ್ಲಿ ತಿಂದ ಹುಡುಗ ಐದು ನಿಮಿಷದಲ್ಲಿ ತೋರಿಸಿಕೊಟ್ಟಿದ್ದ. ನಾನು ಅಲ್ಲಿಂದ ಮುಂದಕ್ಕೆ ಹೋಗಲು ಎರಡು ದಿನ ತೆಗೆದುಕೊಂಡೆ. ಕಾರಣ, ನನಗೆ ಹೋಸ್ಟ್ಸ್ ಫೈಲ್ ಬಗ್ಗೆ ಗೊತ್ತಿತ್ತು. ಅರ್ಧ ಗೊತ್ತಿರುವವರ ಕಷ್ಟ ಏನೂ ಗೊತ್ತಿಲ್ಲದವರಿಗೆ ಅರ್ಥವಾಗಲ್ಲ.

ಈ ಹೋಸ್ಟ್ಸ್ ಫೈಲ್ ಹಳೇ ಕಾಲದ ವಸ್ತು. ಇಂಟರ್ನೆಟ್ಟಿನ ಬಾಲ್ಯದಲ್ಲಿ ಜಾಲದಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಅದನ್ನು ಇಟ್ಟುಕೊಂಡಿದ್ದರು. ಉಳಿದವರೆಲ್ಲ ಅಲ್ಲಿಂದ ನಕಲು ಮಾಡಿಕೊಳ್ಳಬೇಕು. ಊರಿಗೆಲ್ಲ ಒಂದೇ ಪಂಚಾಂಗ ಇದ್ದ ಹಾಗೆ. ಊರು ಬೆಳೆದಂತೆ ಆ ಪಂಚಾಂಗ ಸಾಲದೇ ಹೋಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅನ್ನುವವರು, ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನುವ ಹೊಸ ಏರ್ಪಾಡು ರೂಪಿಸಿದರು. ಆದರೂ ಹಳೇ ಫೈಲು ಇವತ್ತಿಗೂ ಪ್ರತಿ ಕಂಪ್ಯೂಟರಿನ ಮೂಲೆಯಲ್ಲಿ ಕೂತಿದೆ, ಅಟ್ಟದ ಮೇಲಿನ ಕೊಳಗದಂತೆ. ಅದರಲ್ಲಿ ಯಾರಾದರೂ ಒಂದು ಸೈಟಿನ ಹೆಸರು ಬರೆದು ಪಕ್ಕದಲ್ಲಿ 127.0.0.1 ಅಂತ ಹಾಕಿದರೆ ಮುಗಿಯಿತು. ಆ ಅಂಕಿಗೆ 'ಇದೇ ಮನೆ' ಅಂತ ಅರ್ಥ. ನಾವು ಹಾಕಿದ ಕಾಗದ ನಮ್ಮನೆ ಬಾಗಿಲಿಗೇ ವಾಪಸ್. ಸೈಟುಗಳನ್ನು ತಡೆಯುವ ಎಷ್ಟೋ ಸಾಫ್ಟ್‌ವೇರುಗಳು ಮಾಡುವುದೂ ಇದೇ ಕಳ್ಳಾಟ.

ಇಷ್ಟು ಗೊತ್ತಿದ್ದ ಮೇಲೆ ಸುಮ್ನೆ ಇರೋದು ಹೇಗೆ? ಅಪ್ಪನನ್ನು ಕಂಪ್ಯೂಟರ್ ಮುಂದೆ ಕೂರಿಸಿ ಫೋನಿನಲ್ಲಿ ದಾರಿ ಹೇಳಿದೆ. ಸಿ ಡ್ರೈವ್, ಅದರೊಳಗೆ ವಿಂಡೋಸ್, ಅದರೊಳಗೆ ಸಿಸ್ಟಮ್ 32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ.

"ಇಟಿಸಿ ಅಂದ್ರೆ ಇತ್ಯಾದಿ ಅಲ್ವೇನವ್ವ?"

"ಹೌದಪ್ಪ, ಅದರೊಳಗೆ ಹೋಗಿ."

"ಇತ್ಯಾದಿಯೊಳಕ್ಕೆ ಹೋಗೋದು ಅಂದ್ರೆ ಏನು? ಇತ್ಯಾದಿ ಅಂದಮೇಲೆ ಮುಗೀತು. ಮೂವತ್ಮೂರು ವರ್ಷ ಫೈಲ್ ಬರೆದೋನು ನಾನು."

ಐವತ್ತು ನಿಮಿಷ ಆಯಿತು. ಕೊನೆಗೂ ಫೈಲ್ ತೆರೆಯಿತು. ಪ್ರತಿ ಸಾಲಿನ ಮೊದಲಿಗೂ ಜಡೆ ಹೆಣೆದಂಥ ಒಂದು ಗುರುತು ಇದೆ ಅಂದರು. ಆ ಗುರುತು ಇರುವ ಸಾಲನ್ನು ಕಂಪ್ಯೂಟರ್ ಓದುವುದೇ ಇಲ್ಲ. ಅಂದರೆ ಹೋಸ್ಟ್ಸ್ ಫೈಲ್ ಹಾಲಿನಷ್ಟು ಸ್ವಚ್ಛ. ನನ್ನ ಅರ್ಧ ವಿದ್ಯೆ ಅಲ್ಲಿಗೆ ಖಾಲಿ.

ಮಾರನೇ ದಿನ ಇನ್ನೊಂದು ದೂರು. ಡಯಾಬಿಟೀಸ್ ಇರುವವರು ಹಲಸಿನ ಹಣ್ಣು ತಿನ್ನಬಹುದಾ ಅಂತ ನೋಡಲು ಹೋದರೆ ಅದೂ ಬಂದ್. ಕಟ್ಟೆಯ ಮಟ್ಟ ಬರುತ್ತಿದೆ, ಪೇಪರ್ ಬರುತ್ತಿದೆ, ಗ್ಯಾಸ್ ಬುಕ್ ಆಗುತ್ತಿದೆ, ರೈಲಿನ ಟೈಮ್ ಸಿಗುತ್ತಿದೆ. ಬೆಟ್ಟ ಮತ್ತು ಸಕ್ಕರೆ ಕಾಯಿಲೆ ಎರಡೇ ಇಲ್ಲ. "ಸಕ್ಕರೆ ನಾಡಲ್ಲಿ ಕೂತ್ಕೊಂಡು ಸಕ್ಕರೆ ಮೇಲೆ ಅನುಮಾನ ಪಡಬಾರದು ಅಂತ ಯಾರೋ ಮಾಡಿರಬೇಕು" ಅಂದರು ಅಪ್ಪ. ಹಲಸಿನ ಹಣ್ಣನ್ನು ಅನುಮತಿ ಬರುವುದರೊಳಗೇ ತಿಂದಿದ್ದರು ಅಂತ ಅಮ್ಮನಿಂದ ಆಮೇಲೆ ಗೊತ್ತಾಯಿತು.

ಕಾಯಿಲೆ ಮೈಸೂರಿಗೂ ಹಬ್ಬಿತು. ನಮ್ಮನೆಯವರ ಆಫೀಸಿಗೆ ದೆಹಲಿಯಿಂದ ಯಾರೋ ಬಂದಿದ್ದರು, ಭಾನುವಾರ ಬೈಲಕುಪ್ಪೆ ತೋರಿಸಬೇಕಿತ್ತು. ನನ್ನ ಕಂಪ್ಯೂಟರಿನಲ್ಲಿ ಟಿಬೆಟನ್ ಗೋಲ್ಡನ್ ಟೆಂಪಲ್ ಅಂತ ಹಾಕಿದರು. ಬೂದು ಪುಟ. "ಚೀನಾದವರ ಕೆಲಸ" ಅಂದರು ನಮ್ಮನೆಯವರು, ಬಹಳ ಗಂಭೀರವಾಗಿ. ಮಂಡ್ಯದಲ್ಲಿ ಮೇಲ್ಗಡೆ ಎಕ್ಸ್‌ಟೆನ್ಷನ್‌ನವರು, ಮೈಸೂರಿನಲ್ಲಿ ಚೀನಾದವರು. ನಮ್ಮ ಮನೆತನಕ್ಕೆ ಇಷ್ಟೊಂದು ಶತ್ರುಗಳಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮೂರನೇ ದಿನ ಮರ್ಯಾದೆ ಹೋದದ್ದು ನನ್ನದು. ದೇವರಾಜ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಒಬ್ಬರು ಬಂದಿದ್ದರು. ಹಳೇ ಪರಿಚಯ. ಎಲೆಗೆ ಜಿಎಸ್‌ಟಿ ಕಟ್ಟಬೇಕು ಅಂತ ಯಾರೋ ಅವರಿಗೆ ಹೆದರಿಸಿದ್ದರು. "ವೀಳ್ಯದೆಲೆಗೆ ತೆರಿಗೆ ಇಲ್ಲ ಅಣ್ಣ, ಇಲ್ಲೇ ತೋರಿಸ್ತೀನಿ ನೋಡಿ" ಅಂತ ಪರದೆಯನ್ನು ಅವರ ಕಡೆಗೇ ತಿರುಗಿಸಿ, ಇಂಗ್ಲಿಷಿನಲ್ಲಿ ಬೀಟಲ್ ಲೀಫ್ ಅಂತ ಹೊಡೆದೆ. ಬೂದು ಪುಟ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು. ಅವರು ಕನ್ನಡಕ ಏರಿಸಿ ಅದನ್ನು ಕೂಡಿಸಿ ಕೂಡಿಸಿ ಓದಿದರು.

"ಬ್ಲಾಕ್ಡ್... ಬೈ... ಕ್ಲೈಂಟ್."

ಕೋಣೆಯಲ್ಲಿ ಇದ್ದ ಕ್ಲೈಂಟ್ ಅವರೊಬ್ಬರೇ.

"ನಾನೇನು ಮಾಡ್ದೆ ಮೇಡಮ್ಮೋರೆ? ಕಂಪ್ಯೂಟರ್ ಮುಟ್ಟೂ ಇಲ್ಲ!" ಅಂತ ಎರಡೂ ಕೈ ಮೇಲೆತ್ತಿದರು. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಗುರುತಿನ ಪಟ್ಟ ಇದೆ, ಅಂಥ ಎಲೆ ಮಾರುವ ಮನುಷ್ಯ ನನ್ನ ಎದುರು ಕಳ್ಳನ ಹಾಗೆ ಕೈ ಎತ್ತಿಕೊಂಡು ನಿಂತಿದ್ದರು. ಕಾಫಿ ಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಹೊರಗೆ ಹೋಗುವಾಗಲೂ ಬಾಗಿಲನ್ನು ಮುಟ್ಟದೆ ಹೋದರು.

ಸಂಜೆ ಅಮ್ಮ ಫೋನ್ ಮಾಡಿದರು. "ಬಸ್ಸಿನ ವಿಷಯ ಸಿಕ್ತು" ಅಂದರು, ಏನೂ ಆಗದವರಂತೆ. ಮದುವೆಗೆ ಮುಂಚೆ ಅಮ್ಮ ಕನ್ನಡ ಟೈಪಿಂಗ್ ಸೀನಿಯರ್ ಪಾಸು. ಅಪ್ಪ ಮಲಗಿದ್ದಾಗ ಅದೇ ಕಂಪ್ಯೂಟರಿನಲ್ಲಿ, ಅದೇ ಜಾಗದಲ್ಲಿ, ಕನ್ನಡದಲ್ಲಿ 'ಚಾಮುಂಡಿ ಬೆಟ್ಟ' ಅಂತ ಹೊಡೆದಿದ್ದಾರೆ. ಬಂದಿದೆ. ಇಂಗ್ಲಿಷಿನಲ್ಲಿ ಕರೆದರೆ ಬಾರದ ತಾಯಿ ಕನ್ನಡದಲ್ಲಿ ಕರೆದರೆ ಬರುತ್ತಾಳೆ! ಅಮ್ಮನಿಗೆ ಅದರಲ್ಲಿ ಆಶ್ಚರ್ಯದ್ದೇನೂ ಕಾಣಲಿಲ್ಲ.

ಪಿಯುಸಿ ಓದುವ ನನ್ನ ಮಗ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಒಂದು ಹಳೇ ಚಲನ್ ಹಿಂದೆ ನಾಲ್ಕು ಪದಗಳನ್ನು ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಬರೆದ. ಬೆಟ್ಟ, ಡಯಾಬಿಟೀಸ್, ಟಿಬೆಟನ್, ಬೀಟಲ್. ಆಮೇಲೆ ನಾಲ್ಕರಲ್ಲೂ ಮೂರು ಮೂರು ಅಕ್ಷರಕ್ಕೆ ಸುತ್ತು ಹಾಕಿದ. ಬಿ, ಇ, ಟಿ.

ಬೆಟ್.

ನನ್ನ ಕಿವಿ ಬಿಸಿಯಾಯಿತು. ಐಪಿಎಲ್ ನಡೆಯುವಾಗ ಎಲ್ಲಿ ನೋಡಿದರೂ ಬೆಟ್ಟಿಂಗ್ ಜಾಹೀರಾತು. ಮಗ ಹಾಳಾಗಿಬಿಡುತ್ತಾನೆ ಅಂತ ಒಂದು ರಾತ್ರಿ ಎಚ್ಚರವಿದ್ದು, ನಮ್ಮ ಕಂಪ್ಯೂಟರಿನ ಬ್ರೌಸರಿಗೆ ಸೈಟು ತಡೆಯುವ ಒಂದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಅಂಟಿಸುವ ಪುಟ್ಟ ಸಾಫ್ಟ್‌ವೇರ್, ಹಾಕಿದ್ದೆ. ಪಟ್ಟಿಯಲ್ಲಿ ರಮ್ಮಿ, ಕ್ಯಾಸಿನೊ, ಬೆಟ್ ಅಂತ ಬರೆದಿದ್ದೆ. ಗುಪ್ತ ಕಿಟಕಿಯಲ್ಲಿ ತೆರೆದರೆ ಎಕ್ಸ್‌ಟೆನ್ಷನ್ ಕೆಲಸ ಮಾಡಲ್ಲ ಅಂತ ಗೊತ್ತಾಗಿ, ಅಲ್ಲೂ ಕಾವಲಿರಲಿ ಅಂತ ಹುಡುಕಿ ಟಿಕ್ ಮಾಡಿದ್ದೆ. ಪಾಸ್‌ವರ್ಡ್ ಕೂಡ ಹಾಕಿದ್ದೆ. ಬೆಳಿಗ್ಗೆ ಎದ್ದು ಮರೆತಿದ್ದೆ.

ಆ ಎಕ್ಸ್‌ಟೆನ್ಷನ್ನಿಗೆ ಪದ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ನಾವು ಹುಡುಕುವ ಪದ ಪುಟದ ವಿಳಾಸದೊಳಗೂ ಸೇರಿಕೊಳ್ಳುತ್ತದೆ, ಆ ವಿಳಾಸದಲ್ಲಿ ಎಲ್ಲಿ ಆ ಮೂರು ಅಕ್ಷರ ಒಟ್ಟಿಗೆ ಕಂಡರೂ ಕದ ಹಾಕುತ್ತದೆ. ಕನ್ನಡ ಅಕ್ಷರಗಳು ವಿಳಾಸದೊಳಗೆ ಬೇರೆಯದೇ ಸಂಕೇತಗಳಾಗಿ ಹೋಗುವುದರಿಂದ ಅಮ್ಮನ ಬೆಟ್ಟ ಪಾರಾಗಿತ್ತು. ಇಂಗ್ಲಿಷ್ ಬೆಟ್ಟಗಳಿಗೆ ಆ ಭಾಗ್ಯ ಇಲ್ಲ. ನಮ್ಮ ಕಡೆ ದೇವರುಗಳು ವಾಸ ಮಾಡುವುದೇ ಬೆಟ್ಟದ ಮೇಲೆ. ಚಾಮುಂಡಿ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ. ಮೂರು ಅಕ್ಷರದಲ್ಲಿ ಎಲ್ಲರ ಗುಡಿಗೂ ಬೀಗ ಜಡಿದಿದ್ದೆ. ಮೇಲುಕೋಟೆಯ ಚೆಲುವನಾರಾಯಣ ಒಬ್ಬನೇ ಬಚಾವು, ಅವನ ಊರು ಕೋಟೆಯಲ್ಲಿ ಮುಗಿಯುತ್ತದಲ್ಲ. ಎಲಿಜಬೆತ್ ರಾಣಿಗೂ ಪ್ರವೇಶ ಇರಲಿಲ್ಲ ಅಂತ ಮಗ ಸೇರಿಸಿದ.

ಮಂಡ್ಯಕ್ಕೆ ಹೋದದ್ದು ಹೇಗೆ? ಅದಕ್ಕೂ ನಾನೇ ಕಾರಣ. ಹೋದ ವರ್ಷ ಅಪ್ಪನ ರಿಟರ್ನ್ ತುಂಬಲು ಅವರ ಕಂಪ್ಯೂಟರಿನಲ್ಲಿ ನನ್ನ ಖಾತೆಯಿಂದ ಒಳಗೆ ಹೋದವಳು ಹೊರಗೆ ಬಂದಿರಲಿಲ್ಲ. ಸಿಂಕ್ ಅನ್ನುವ ಏರ್ಪಾಡು ಇಲ್ಲಿ ಹಾಕಿದ್ದನ್ನೆಲ್ಲ ಅಲ್ಲಿಗೂ ಬಡಿಸಿತ್ತು.

"ಮತ್ತೆ ಬ್ಲಾಕ್ಡ್ ಬೈ ಕ್ಲೈಂಟ್ ಅಂದರೆ?" ಅಂದೆ.

"ಅಮ್ಮಾ, ಸರ್ವರ್ ಅಂದ್ರೆ ಪಂಕ್ತಿಯಲ್ಲಿ ಬಡಿಸೋನು. ಕ್ಲೈಂಟ್ ಅಂದ್ರೆ ಎಲೆ ಮುಂದೆ ಕೂತೋರು. ಅವನು ಬಡಿಸೋಕೆ ಬಂದ, ನೀನೇ ಎಲೆಗೆ ಕೈ ಅಡ್ಡ ಹಿಡಿದೆ. ಅಷ್ಟೇ."

ಮೇಲಿನ ಸಾಲಿನಲ್ಲಿ, ಒಂದು ಎಕ್ಸ್‌ಟೆನ್ಷನ್ ಇದನ್ನು ತಡೆದಿದೆ, ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ ನೋಡಿ ಅಂತ ಸ್ಪಷ್ಟವಾಗಿ ಬರೆದಿತ್ತು. ಮೂರು ದಿನದಿಂದ.

ನಿನಗೊಬ್ಬಳಿಗೇ ಹೀಗಾಗಿದ್ದಲ್ಲ ಅಂತ ಮಗ ಸಮಾಧಾನ ಹೇಳಿದ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಅನ್ನುವ ಊರಿನವರು ಇಂಟರ್ನೆಟ್ ಖಾತೆ ತೆರೆಯಲು ಹೋದರೆ ಊರಿನ ಹೆಸರನ್ನೇ ಫಿಲ್ಟರ್ ಒಪ್ಪಲಿಲ್ಲವಂತೆ, ಹೆಸರಿನ ಮಧ್ಯೆ ಒಂದು ಕೆಟ್ಟ ಪದ ಅಡಗಿತ್ತಂತೆ. ಈ ಥರದ ಎಡವಟ್ಟಿಗೆ ಇವತ್ತಿಗೂ ಆ ಊರಿನದೇ ಹೆಸರು. "ಯಾವ ಪದ?" ಅಂದೆ. ಮಗನಿಗೆ ಇದ್ದಕ್ಕಿದ್ದಂತೆ ಫಿಸಿಕ್ಸ್ ರೆಕಾರ್ಡ್ ಬರೆಯುವುದು ನೆನಪಾಯಿತು.

ತೆಗೆಯೋಣ ಅಂದರೆ ಪಾಸ್‌ವರ್ಡ್ ನೆನಪಿಲ್ಲ. ಅಡುಗೆಮನೆ ಕ್ಯಾಲೆಂಡರ್, ಗ್ಯಾಸ್ ಪುಸ್ತಕ, ಹುಳಿಪುಡಿ ಡಬ್ಬದ ಮುಚ್ಚಳದ ಚೀಟಿ, ಎಲ್ಲ ನೋಡಿದೆ. ಮಗ ಬಂದು ಮೌಸಿನ ಬಲಗುಂಡಿ ಒತ್ತಿ, ರಿಮೂವ್ ಅಂತ ಇದ್ದದ್ದನ್ನು ಒತ್ತಿದ. ಹೋಯಿತು.

"ಪಾಸ್‌ವರ್ಡ್?"

"ಪಟ್ಟಿ ತಿದ್ದೋಕೆ ಮಾತ್ರ ಬೇಕು. ತೆಗೆಯೋಕೆ ಬೇಡ."

"ನಿನಗೆ ಹೇಗೆ ಗೊತ್ತು?"

"ನೀನು ಹಾಕಿದ ಮಾರನೇ ದಿನವೇ ನೋಡ್ದೆ. ಪಾಪ, ಇರ್ಲಿ ಅಂತ ಬಿಟ್ಟೆ. ನಾನು ಬೇರೆ ಬ್ರೌಸರ್ ಬಳಸ್ತೀನಮ್ಮ, ಅದರಲ್ಲಿ ಇದು ಇರೋದೇ ಇಲ್ಲ."

ಅಲ್ಲಿಗೆ ಎರಡು ತಿಂಗಳಿಂದ ಬೆಟ್ಟಿಂಗ್ ಚಟದಿಂದ ಕಾಪಾಡಲ್ಪಟ್ಟವರು ನಾನು, ಅಪ್ಪ, ನಮ್ಮನೆಯವರು ಮತ್ತು ಒಬ್ಬ ಎಲೆ ವ್ಯಾಪಾರಿ.

ಇಲ್ಲಿ ತೆಗೆದದ್ದು ಸಿಂಕ್ ದಯೆಯಿಂದ ಅಲ್ಲೂ ಹೋಯಿತು. ರಾತ್ರಿ ಅಪ್ಪನ ಫೋನ್.

"ಬೆಟ್ಟ ಬಂತು ಕಣವ್ವ! ಡಯಾಬಿಟೀಸೂ ಬಂತು! ಏನು ಮಾಡ್ದೆ?"

"ಏನಿಲ್ಲಪ್ಪ, ಆ ಎಕ್ಸ್‌ಟೆನ್ಷನ್ ತೆಗೆಸಿಬಿಟ್ಟೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಯಾರಿಗೂ ಕೇಳಿಸಬಾರದು ಅನ್ನುವ ದನಿಯಲ್ಲಿ ಅಪ್ಪ ಕೇಳಿದರು.

"ಇಡೀ ಎಕ್ಸ್‌ಟೆನ್ಷನ್ನೇ?"