ಏರೋಪ್ಲೇನ್ ಮೋಡ್ ಮೆಸೇಜ್ ಬಗ್ಗೆ ಸ್ಪಷ್ಟನೆ

‘ಜಾತ್ರೆ, ಸ್ಟೇಡಿಯಂಗಳಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಏರೋಪ್ಲೇನ್ ಮೋಡ್ ಮತ್ತೆ ಮತ್ತೆ ಆನ್-ಆಫ್ ಮಾಡಿ, ಟವರ್ ನಿಮಗೇ ಮೊದಲ ಆದ್ಯತೆ ಕೊಡುತ್ತದೆ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಅಂಥ ಆದ್ಯತೆ ಇಲ್ಲ.

ಪ್ರತಿ ಸಲ ಏರೋಪ್ಲೇನ್ ಮೋಡ್ ಆಫ್ ಮಾಡಿದಾಗಲೂ ಫೋನ್ ಹೊಸದಾಗಿ ಟವರ್‌ನ ಕದ ತಟ್ಟಬೇಕು. ಅದಕ್ಕಿರುವುದೇ ರ‍್ಯಾಂಡಮ್ ಆ್ಯಕ್ಸೆಸ್ ಚಾನೆಲ್. ಮೊಬೈಲ್ ನೆಟ್‌ವರ್ಕ್ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆಯ 4ಜಿ ಮಾನದಂಡದಲ್ಲಿ ಒಂದು ಸೆಲ್‌ಗೆ (ಟವರ್ ಸಿಗ್ನಲ್ ಕೊಡುವ ಒಂದು ಪ್ರದೇಶಕ್ಕೆ) ಹೀಗೆ ಕದ ತಟ್ಟಲು 64 ‘ಪ್ರಿಆಂಬಲ್’ ಸಂಕೇತಗಳು ಮಾತ್ರ. ಫೋನ್ ಅವುಗಳಲ್ಲಿ ಒಂದನ್ನು ತಾನೇ ಆರಿಸಿ ಕಳಿಸುತ್ತದೆ. ಎರಡು ಫೋನ್‌ಗಳು ಒಂದೇ ಹೊತ್ತಿಗೆ ಅದೇ ಸಂಕೇತ ಕಳಿಸಿದರೆ ಡಿಕ್ಕಿ. ಕಾದು ಮತ್ತೆ ಕಳಿಸಬೇಕು. ಎಲ್ಲರೂ ಆನ್-ಆಫ್ ಮಾಡಿದರೆ ಡಿಕ್ಕಿ ಇನ್ನೂ ಜಾಸ್ತಿ, ಅಲ್ವಾ? ತುರ್ತು ಕರೆ ಮಾಡುವವರೂ ಇದೇ ಚಾನೆಲ್‌ನಿಂದಲೇ ಬರಬೇಕು.

ನಿಮ್ಮ ಫೋನ್‌ಗೆ ಮಾತ್ರ ನೆಟ್‌ವರ್ಕ್ ಸಿಗದಿದ್ದರೆ ಒಮ್ಮೆ ಆನ್-ಆಫ್ ಮಾಡಿ ನೋಡಿ, ತಪ್ಪಿಲ್ಲ. ಆ ಮೆಸೇಜನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.