ಮನೆ ತೋರಿಸಿದಿರಿ, ಮನೆಯವರ ಬಾಯಿ ಮುಚ್ಚಿಸಿದಿರಿ

ಹಳೆಯ ಕಟ್ಟಡಗಳ ಬಾಗಿಲು ತೆರೆಯುತ್ತೇವೆ ಎಂದು ಊರೆಲ್ಲ ಡಂಗುರ ಸಾರಿ, ಕೊನೆಗೆ ಮನೆಯ ಯಜಮಾನಿಯನ್ನೇ ಅಡುಗೆಮನೆಯ ಬಾಗಿಲಲ್ಲಿ ಮೂಕಳಂತೆ ನಿಲ್ಲಿಸಿದವರ ಮೇಲೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯುವವರೆಗೆ ಕಾಯೋಣವೆಂದರೆ ಅಷ್ಟರಲ್ಲಿ ಅವರು ಮುಂದಿನ ವರ್ಷದ ಪೋಸ್ಟರ್ ಅಚ್ಚು ಹಾಕಿಸಿರುತ್ತಾರೆ. ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಕಾಸರಗೋಡು ಪೇಟೆ ಮತ್ತು ಸುತ್ತಮುತ್ತಲಿನ ಹಳೆಯ ಕಟ್ಟಡಗಳನ್ನು ವರ್ಷಕ್ಕೊಮ್ಮೆ, ಒಂದು ಶನಿವಾರ ಮತ್ತು ಭಾನುವಾರ, ಎಲ್ಲರಿಗೂ ಉಚಿತವಾಗಿ ತೆರೆದಿಡುವ ಕಾರ್ಯಕ್ರಮ ಅದು. ಆಲೋಚನೆ ಒಳ್ಳೆಯದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಫ್ರಾನ್ಸಿನಲ್ಲಿ 1984ರಿಂದಲೂ ಸೆಪ್ಟೆಂಬರಿನಲ್ಲಿ ಹಳೆಯ ಕಟ್ಟಡಗಳ ಬಾಗಿಲು ಹೀಗೆ ತೆರೆಯುತ್ತದೆ. ಲಂಡನ್ನಿನಲ್ಲಿ 1992ರಲ್ಲಿ ವಿಕ್ಟೋರಿಯಾ ಥಾರ್ನ್‌ಟನ್ ಶುರು ಮಾಡಿದ ಓಪನ್ ಹೌಸ್ ಇವತ್ತಿಗೆ ಜಗತ್ತಿನ ಹತ್ತಾರು ನಗರಗಳಿಗೆ ಹಬ್ಬಿದೆ. ಅಲ್ಲಿ ದೊಡ್ಡ ಕಚೇರಿಗಳ ಜೊತೆಗೆ ಸಾಮಾನ್ಯರ ಮನೆಗಳೂ ಪಟ್ಟಿಯಲ್ಲಿರುತ್ತವೆ. ಎಷ್ಟೋ ಕಡೆ ಆ ಮನೆಯಲ್ಲಿ ಬಾಳುತ್ತಿರುವವರೋ, ಅದನ್ನು ಕಟ್ಟಿದ ವಾಸ್ತುಶಿಲ್ಪಿಯೋ ಬಂದವರನ್ನು ಒಳಗೆ ಕರೆದುಕೊಂಡು ಹೋಗಿ ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ತೋರಿಸುತ್ತಾರೆ. ಜನ ಸರದಿಯಲ್ಲಿ ನಿಲ್ಲುವುದು ಅದಕ್ಕಾಗಿ. ನಮ್ಮವರು ಅಲ್ಲಿಂದ ಪೋಸ್ಟರಿನ ಬಣ್ಣ ತಂದರು, ಕೊರಳಿಗೆ ನೇತುಹಾಕುವ ಗುರುತಿನ ಚೀಟಿ ತಂದರು. ಮುಖ್ಯವಾದದ್ದನ್ನು ಅಲ್ಲೇ ಬಿಟ್ಟು ಬಂದರು.

ಶನಿವಾರದ ಕಥೆಯನ್ನು ಹೆಚ್ಚು ಎಳೆಯುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಪೇಟೆಯ ಹಳೆಯ ಕಚೇರಿ ಕಟ್ಟಡವೊಂದರ ಎದುರು ಸೇರಬೇಕೆಂದಿದ್ದರು. ಸೇರಿದೆವು. ಬಾಗಿಲಿಗೆ ಬೀಗ. ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಬಾಗಿಲು ತೆರೆಯುವುದೇ ಕಾರ್ಯಕ್ರಮವಾಗಿರುವಾಗ ಬೀಗದ ಕೈ ಎಲ್ಲಿದೆ ಎಂದು ಹಿಂದಿನ ದಿನ ವಿಚಾರಿಸುವ ಒಬ್ಬ ಮನುಷ್ಯನೂ ಅಲ್ಲಿರಲಿಲ್ಲ. ಅತಿಥಿಗಳು ಬರುವವರೆಗೆ ಬಿಸಿಲಲ್ಲಿ ನಿಂತೆವು, ಬಂದ ಮೇಲೆ ಅವರ ಭಾಷಣ ಮುಗಿಯುವವರೆಗೆ ನಿಂತೆವು. ಭಾಷಣ ಉದ್ದವಾಗಿ ಹೊತ್ತು ಮೀರಿತೆಂದು ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಸುತ್ತಲಿನ ಹಳೆಯ ಕೇರಿಗಳ ನಡಿಗೆಯನ್ನೇ ರದ್ದು ಮಾಡಿದರು. ನಾನು ಮುಖ್ಯವಾಗಿ ಅದನ್ನು ನೋಡಲೆಂದೇ ಹೋಗಿದ್ದೆ. ಮೂರು ಮೈಲಿ ಆಚೆ ಬದುಕುವ ನಾವು ಒಬ್ಬರ ಕೇರಿಗೆ ಇನ್ನೊಬ್ಬರು ಕಾಲಿಡದೆ ಇಡೀ ಆಯುಷ್ಯ ಕಳೆಯುತ್ತೇವೆ. ಇಂಥ ನಡಿಗೆಯಿಂದಲಾದರೂ ಅದು ಸ್ವಲ್ಪ ಬದಲಾಗಬಹುದಿತ್ತು.

ಬದಲಿಗೆ ಬಸ್ಸಿನಲ್ಲಿ ಕೂರಿಸಿ ಬೇಕಲಕ್ಕೆ ಕರೆದುಕೊಂಡು ಹೋದರು. ಶಿವಪ್ಪ ನಾಯಕನ ಕಾಲದ ಕೋಟೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಭಾರತೀಯ ಪುರಾತತ್ವ ಇಲಾಖೆಯ ಸ್ಮಾರಕ, ಟಿಕೆಟ್ ಕೊಂಡವರು ಯಾವತ್ತೂ ಒಳಗೆ ಹೋಗಬಹುದು. ವರ್ಷವಿಡೀ ತೆರೆದಿರುವ ಬಾಗಿಲನ್ನು ತೆರೆದು ತೋರಿಸಲು ಇಷ್ಟು ಗದ್ದಲ ಬೇಕಿತ್ತೇ?

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ನಡೆದದ್ದು ಭಾನುವಾರ, ನನ್ನ ದೊಡ್ಡಮ್ಮನ ಮನೆಯಲ್ಲಿ.

ಅದು ಗುತ್ತಿನ ಮನೆ, ಎಂದರೆ ತುಳುನಾಡಿನ ಹಳೆಯ ಜಮೀನ್ದಾರಿ ಮನೆತನದ ಮನೆ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಹಲಸಿನ ಕಂಬಗಳು, ಬೋಗಿ ಮರದ ತೊಲೆ, ತಲೆಯ ಮೇಲೆ ಹಲಗೆಯ ಮುಚ್ಚಿಗೆ. ಮೊದಲು ಮುಳಿಹುಲ್ಲಿನ ಮಾಡು ಇತ್ತು, ಆಮೇಲೆ ಮಂಗಳೂರು ಹಂಚು ಬಂತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳೆಲ್ಲ ಬಣ್ಣ ಬದಲಿಸಿದವಲ್ಲ, ಆ ಸಾಲಿನಲ್ಲಿ ಈ ಮನೆಯೂ ಒಂದು. ಯಾವ ಕಂಬ ಯಾವ ಗುಡ್ಡದ ಮರದ್ದು, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಮಾಡಿನ ಇಳಿಜಾರು ಯಾಕೆ ಅಷ್ಟು ಕಡಿದು, ಸೂರು ಯಾಕೆ ಜಗಲಿಯಿಂದ ಅಷ್ಟು ಮುಂದಕ್ಕೆ ಚಾಚಿದೆ, ಎಲ್ಲವೂ ದೊಡ್ಡಮ್ಮನಿಗೆ ಬಾಯಿಪಾಠ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮುರಕಲ್ಲಿನ ಗೋಡೆಗೆ ನೀರು ಬಡಿಯದಂತೆ ಕಾಪಾಡುವುದು ಆ ಸೂರು. ಯಾವ ಪುಸ್ತಕವನ್ನೂ ಓದದೆ ದೊಡ್ಡಮ್ಮ ಇದನ್ನು ಎಷ್ಟು ಚೆನ್ನಾಗಿ ವಿವರಿಸುತ್ತಾರೆಂದರೆ, ಅವರ ಮಾತು ಕೇಳಿದ ಮೇಲೆ ನೀವು ಆ ಮಾಡನ್ನು ಮೊದಲಿನಂತೆ ನೋಡಲಾರಿರಿ.

ಜನ ಬರುತ್ತಾರೆಂದು ಅವರು ಎರಡು ದಿನ ಮೊದಲೇ ಕೆಲಸಕ್ಕೆ ತೊಡಗಿದ್ದರು. ಕಾವಿ ನೆಲ ಒರೆಸಿ ಕನ್ನಡಿಯಾಗಿಸಿದ್ದರು. ಕಂಬಗಳಿಗೆ ಎಣ್ಣೆ ಹಚ್ಚಿಸಿದ್ದರು. ಬಂದವರಿಗೆ ಕೊಡಲು ಬೆಲ್ಲ, ನೀರು, ಪುನರ್ಪುಳಿ ಶರಬತ್ತು ಸಾಲಾಗಿ ಇಟ್ಟಿದ್ದರು. ಏನೇನು ಹೇಳಬೇಕೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದರು. ಈ ವಯಸ್ಸಿನಲ್ಲಿ ಅವರ ಮುಖದಲ್ಲಿ ಅಂಥ ಉತ್ಸಾಹ ಕಂಡು ನಮಗೆಲ್ಲ ಸಂತೋಷವಾಗಿತ್ತು.

ಬಸ್ಸು ಬಂತು. ಸ್ವಯಂಸೇವಕಿ ಹುಡುಗಿಯೊಬ್ಬಳು ಎಲ್ಲರನ್ನೂ ಚಾವಡಿಯಲ್ಲಿ ನಿಲ್ಲಿಸಿ ಮೊಬೈಲ್ ನೋಡಿಕೊಂಡು ಓದತೊಡಗಿದಳು, ಮೊದಲು ಇಂಗ್ಲಿಷಿನಲ್ಲಿ, ಬಳಿಕ ಮಲಯಾಳದಲ್ಲಿ. ಇದು ಕೇರಳದ ಸಾಂಪ್ರದಾಯಿಕ ನಾಲುಕೆಟ್ಟು ಮನೆ ಎಂದಳು. ನಾಲುಕೆಟ್ಟು ಎಂದರೆ ನಡುವೆ ತೆರೆದ ಅಂಗಳವಿದ್ದು, ಅದರ ನಾಲ್ಕು ಕಡೆಗೂ ಕಟ್ಟಿದ ಮನೆ. ದೊಡ್ಡಮ್ಮನ ಮನೆಗೆ ನಡು ಅಂಗಳವೇ ಇಲ್ಲ, ಕಣ್ಣಿದ್ದವರಿಗೆ ಕಾಣುತ್ತದೆ. ಗೋಡೆ ಇಟ್ಟಿಗೆಯದು ಎಂದಳು. ಕಂಬಗಳಲ್ಲಿ ಪೋರ್ಚುಗೀಸ್ ಪ್ರಭಾವವಿದೆ ಎಂದಳು. ಹುಡುಗಿಯನ್ನು ನಾನು ದೂರುವುದಿಲ್ಲ, ಕೈಗೆ ಕೊಟ್ಟದ್ದನ್ನು ಓದಿದಳು. ಬರೆದುಕೊಟ್ಟವರು ಒಮ್ಮೆಯೂ ಆ ಮನೆಯ ಮೆಟ್ಟಿಲು ಹತ್ತಿದವರಲ್ಲ ಎಂಬುದು ಮೂರೇ ವಾಕ್ಯದಲ್ಲಿ ಗೊತ್ತಾಯಿತು.

ದೊಡ್ಡಮ್ಮ ಕ್ಯಾಲೆಂಡರಿನ ಹಾಳೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದರು. ಕೊರಳಲ್ಲಿ ಚೀಟಿ ನೇತುಹಾಕಿಕೊಂಡಿದ್ದ ಸಂಘಟಕರೊಬ್ಬರು ಅಂಗೈ ತೋರಿಸಿ, ಸಮಯವಿಲ್ಲ ಅಮ್ಮ, ಆಮೇಲೆ ನೋಡೋಣ, ಎಂದರು. ಅವರ ಮನೆಯ ಚಾವಡಿಯಲ್ಲಿ, ಅವರಿಗೆ! ದೊಡ್ಡಮ್ಮ ತುಟಿಪಿಟಕ್ಕೆನ್ನದೆ ಹಿಂದೆ ಸರಿದು ಅಡುಗೆಮನೆಯ ದಾರಂದಕ್ಕೆ ಒರಗಿ ನಿಂತರು.

ಅಷ್ಟರಲ್ಲಿ ಗುಂಪಿನಲ್ಲಿದ್ದ ಒಬ್ಬ ಫೋಟೋ ತೆಗೆಸಿಕೊಳ್ಳಲೆಂದು ಚಾವಡಿಯ ಉಯ್ಯಾಲೆಯ ಮೇಲೆ ಕುಳಿತ. ಅದು ದೈವದ ಉಯ್ಯಾಲೆ. ಮನೆಯ ಗಂಡಸರು, ಮಕ್ಕಳು, ಯಾರೂ ಅದರ ಮೇಲೆ ಕೂರುವುದಿಲ್ಲ. ಅವನಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಹೇಳುವವರು ಹೇಳಬೇಕಿತ್ತು. ಹೇಳಬಲ್ಲವರನ್ನು ಆಗಷ್ಟೇ ಬಾಯಿ ಮುಚ್ಚಿಸಿ ಮೂಲೆಗೆ ತಳ್ಳಿದ್ದರು. ನಾನು ಓಡಿ ಹೋಗಿ ಅವನನ್ನು ಎಬ್ಬಿಸಿದೆ. ಪಾಪ, ಅವನು ಕೈಮುಗಿದು ಕ್ಷಮೆ ಕೇಳಿದ. ಸಂಘಟಕರು ಕೇಳಲಿಲ್ಲ. ಬಂದ ಪುಟ್ಟ ಹೋದ ಪುಟ್ಟ ಎಂಬಂತೆ ಬಸ್ಸು ಹತ್ತಿ ಹೋದರು. ಲೋಟಗಳು ಇಟ್ಟಲ್ಲೇ ಉಳಿದವು. ಮರುದಿನ ದೊಡ್ಡಮ್ಮ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ, ಉಯ್ಯಾಲೆಯ ಶುದ್ಧಕ್ಕೆ ಭಟ್ಟರನ್ನು ಕರೆಸಿದರು.

ಇನ್ನು ಭಾಷೆಯ ವಿಷಯ. ಎರಡೂ ದಿನ ಒಂದು ಫಲಕ, ಒಂದು ಕರಪತ್ರ, ಒಂದು ವಾಕ್ಯ ಕನ್ನಡದಲ್ಲಿರಲಿಲ್ಲ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿತು, ಸರಿ. ನಾವು ಮಲಯಾಳ ಕಲಿತೆವು, ಮಾತಾಡುತ್ತೇವೆ, ಆ ಭಾಷೆಯ ಮೇಲೆ ನಮಗೆ ದ್ವೇಷವಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಸರ್ಕಾರಕ್ಕೇ ಇಲ್ಲದ ತೊಂದರೆ ಇವರಿಗೇನು? ತುಳು, ಕನ್ನಡ ಆಡುವವರ ಮನೆಗೆ ಬರುವಾಗ ಆ ಭಾಷೆ ಬಲ್ಲ ಒಬ್ಬರನ್ನು ಬಸ್ಸಿನಲ್ಲಿ ಕೂರಿಸಿಕೊಳ್ಳಲು ಎಷ್ಟು ಖರ್ಚಾಗುತ್ತಿತ್ತು? ಕಾಸರಗೋಡಿನಲ್ಲೇ ಕನ್ನಡಿಗರಿರುವ ಬೀರಂತಬೈಲಿನಲ್ಲಿ ಒಂದು ಕೂಗು ಹಾಕಿದ್ದರೆ ಉಚಿತವಾಗಿ ಬರುವವರು ಸಿಗುತ್ತಿದ್ದರು.

ಹೆದ್ದಾರಿ 66ರ ಅಗಲೀಕರಣದಲ್ಲಿ ಎಷ್ಟು ಹಳೆಯ ಮನೆ, ಅಂಗಡಿ ನೆಲಸಮವಾದವೆಂದು ಈ ಊರಿನವರೆಲ್ಲ ಕಣ್ಣಾರೆ ಕಂಡಿದ್ದೇವೆ. ಉಳಿದ ಮನೆಗಳಲ್ಲಿ ದೊಡ್ಡಮ್ಮನ ಪ್ರಾಯದವರು ಇನ್ನೆಷ್ಟು ಕಾಲ ಇರುತ್ತಾರೆ? ಅವರು ಹೇಳಲು ಸಿದ್ಧರಿದ್ದಾಗ ಕೇಳದೆ, ಮೊಬೈಲಿನಿಂದ ಸುಳ್ಳು ಓದಿ ಹೋಗುವುದು ಅನ್ಯಾಯ. ಆ ಸುಳ್ಳನ್ನೇ ಕೇಳಿದವರು ಇನ್ನೊಬ್ಬರಿಗೆ ಹೇಳುತ್ತಾರೆ, ನಾಳೆ ಅದೇ ಎಲ್ಲೋ ಅಚ್ಚಾಗುತ್ತದೆ.

ಸಂಘಟಕರಿಗೆ ಕನ್ನಡದಲ್ಲೇ ಪತ್ರ ಬರೆದಿದ್ದೇನೆ. ಬಾಗಿಲಿಗೆ ಬೀಗ ಹಾಕಿರುವ ಕಟ್ಟಡವನ್ನು ಪಟ್ಟಿಗೆ ಸೇರಿಸಬೇಡಿ. ತಳಂಗರೆಯ ನಡಿಗೆಯನ್ನು ಮೊದಲ ದಿನ, ಮೊದಲ ಹೊತ್ತಿಗೇ ಇಡಿ, ಭಾಷಣವನ್ನು ಕೊನೆಗೆ ತಳ್ಳಿ. ಮನೆಗೆ ಹೋದಲ್ಲಿ ಮೊದಲ ಮಾತು ಮನೆಯವರದಾಗಲಿ, ಅವರ ಭಾಷೆಯಲ್ಲಿ, ಅನುವಾದಕ್ಕೆ ಜನ ನಾವು ಕೊಡುತ್ತೇವೆ. ಇದಿಷ್ಟಕ್ಕೂ ಒಪ್ಪಿ, ದೊಡ್ಡಮ್ಮನ ಚಾವಡಿಗೆ ಬಂದು ಅವರಲ್ಲಿ ಕ್ಷಮೆ ಕೇಳುವವರೆಗೆ ಆ ಮನೆಯ ಹೆಸರು ನಿಮ್ಮ ಪಟ್ಟಿಯಲ್ಲಿರಕೂಡದು.