ಎ ಫಾರ್ ಗೋಧಿ

ಅನ್ನ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಿದರೆ ನಮ್ಮಜ್ಜಿ "ಮುಸುರೆ ಆಯ್ತು, ಕೈ ತೊಳಿ!" ಅಂತ ನಡುಮನೆಯಿಂದಲೇ ಗದರುತ್ತಿದ್ದಳು. ನಾನಾಗ ಬಯಾಲಜಿ ಓದುತ್ತಿದ್ದ ಕಾಲೇಜು ಹುಡುಗಿ. ಮುಸುರೆಯನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸು ನೋಡೋಣ ಅಂತ ಅವಳನ್ನು ರೇಗಿಸಿದ್ದೆ. ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು. ಈಗ ನಮ್ಮ ಮನೆಯಲ್ಲಿ ಚಪಾತಿ ಮಣೆಗೆ ಬೇರೆ ಗೂಡು, ಬ್ರೆಡ್ಡಿಗೆ ಬೇರೆ ಚಾಕು. ನಮ್ಮೆಜಮಾನರು ಬಿಸ್ಕೆಟ್ ಹಿಡಿದ ಕೈಯನ್ನು ಅವಲಕ್ಕಿ ಡಬ್ಬಿಯತ್ತ ಚಾಚಿದರೆ ಸಾಕು, ನನ್ನ ಗಂಟಲಿನಿಂದ ಅಜ್ಜಿಯೇ ಕೂಗುತ್ತಾಳೆ.

ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಹೊಟ್ಟೆಗೆ ಬಿದ್ದರೆ ದೇಹ ತನ್ನ ಸಣ್ಣ ಕರುಳಿನ ಮೇಲೇ ಕತ್ತಿ ಮಸೆಯುತ್ತದೆ. ಆರು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೊಗ್ಲೋಬಿನ್ ಮೇಲೇಳದೆ, ಕೊನೆಗೊಬ್ಬ ಡಾಕ್ಟರು ಕರುಳಿನ ಚೂರು ತೆಗೆಸಿ ಪರೀಕ್ಷೆ ಮಾಡಿಸಿ ಇದನ್ನು ಪತ್ತೆ ಹಚ್ಚಿದರು. ಪಥ್ಯವೇ ಔಷಧಿ, ಅದೂ ಜೀವನಪೂರ್ತಿ. ತುಮಕೂರಿನವಳಾದ್ದರಿಂದ ನಾನೇನೂ ಎದೆ ಬಡಿದುಕೊಳ್ಳಲಿಲ್ಲ. ಮುದ್ದೆ, ಅಕ್ಕಿರೊಟ್ಟಿ, ಇಡ್ಲಿ, ಚಿತ್ರಾನ್ನ ಅಂತ ಬೆಳೆದವರಿಗೆ ಗೋಧಿ ಅಂದರೆ ಹಬ್ಬಕ್ಕೆ ಬಂದು ಹೋಗುವ ದೂರದ ನೆಂಟ. ಉಪ್ಪಿಟ್ಟು ಬಿಡಬೇಕು ಅಂದಾಗಂತೂ ಒಳಗೊಳಗೇ ಖುಷಿಯಾಗಿತ್ತು. ಸಾರಿಗೆ ಹಾಕುವ ಇಂಗಿನ ಡಬ್ಬಿಯ ಹಿಂದೆ ಗೋಧಿ ಹಿಟ್ಟು ಅಂತ ಬರೆದಿದ್ದನ್ನು ಓದಿದ ದಿನ ಮಾತ್ರ ಅತ್ತಿದ್ದೇನೆ. ಅಷ್ಟು ದಿನ ನನ್ನ ಬೆನ್ನಿಗೆ ಚೂರಿ ಹಾಕುತ್ತಿದ್ದದ್ದು ಒಂದು ಚಿಟಿಕೆ ಇಂಗು!

ಇಂಥವಳನ್ನು ಇವರು ತಮ್ಮ ಕಾನ್ಫರೆನ್ಸಿಗೆ ಜೊತೆಮಾಡಿಕೊಂಡು ಹೋದದ್ದು ಆಸ್ಟ್ರಿಯದ ರಾಜಧಾನಿ ವಿಯೆನ್ನಾಕ್ಕೆ. ಬೆಳಗಿನ ಕ್ರೋಸಾಂಟ್, ಸಿಹಿ ಬನ್ನು ಇತ್ಯಾದಿಗಳಿಗೆಲ್ಲ ಫ್ರೆಂಚರು ಇಟ್ಟಿರುವ ಒಟ್ಟು ಹೆಸರೇ 'ವಿಯೆನ್ನ್ವಾಸ್ರಿ', ಅಂದರೆ ವಿಯೆನ್ನಾದ್ದು ಅಂತ. ಆ ಊರಿನಲ್ಲಿ ಸಿಹಿತಿಂಡಿಗೆ 'ಮೇಲ್‌ಶ್ಪೈಸೆ' ಅನ್ನುತ್ತಾರೆ. ಅಕ್ಷರಶಃ ಅರ್ಥ: ಹಿಟ್ಟಿನ ತಿನಿಸು. ಮುಚ್ಚುಮರೆಯೇ ಇಲ್ಲ. ಜೊತೆಗೆ ನಾನು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಅಲ್ಲಿ ಮಾಂಸ ಬೇಡ ಅಂದರೆ ಹಿಟ್ಟು ತಂದಿಡುತ್ತಾರೆ, ಹಿಟ್ಟು ಬೇಡ ಅಂದರೆ ಮಾಂಸ. ಎರಡೂ ಬೇಡ ಅಂದರೆ ನೀರು. ಶ್ನಿಟ್ಸೆಲ್ ಅಲ್ಲಿನ ಹೆಸರಾಂತ ಮಾಂಸದ ಖಾದ್ಯ; ವೀಗನ್ ಶ್ನಿಟ್ಸೆಲ್ ಅಂತ ಬೋರ್ಡು ಕಂಡು ಒಂದು ಕಡೆ ಆಸೆಯಿಂದ ವಿಚಾರಿಸಿದರೆ, ಅದನ್ನು ಮಾಡಿದ್ದೇ ಸೈಟಾನ್‌ನಿಂದ. ಸೈಟಾನ್ ಅಂದರೆ ಗೋಧಿ ಹಿಟ್ಟಿನ ಪಿಷ್ಟವನ್ನೆಲ್ಲ ತೊಳೆದು ಉಳಿಸಿಕೊಂಡ ಶುದ್ಧ ಗ್ಲುಟೆನ್. ಹೆಸರಿನಲ್ಲೇ ಸೈತಾನ ಇದ್ದಾನೆ ಅಂತ ಆಗಲೇ ಹೊಳೆಯಬೇಕಿತ್ತು.

ಹೊರಡುವ ಮುಂಚೆ ಒಂದೇ ಒಂದು ಜರ್ಮನ್ ಪದ ಕಲಿತಿದ್ದೆ: 'ಗ್ಲುಟೆನ್‌ಫ್ರೈ'. ಗ್ಲುಟೆನ್ ಇಲ್ಲದ್ದು ಅಂತ. ಆದರೆ ನಮ್ಮ ಬಾಯಲ್ಲಿ ಅದು ಗೋಬಿ ಫ್ರೈ, ಬೆಂಡೆಕಾಯಿ ಫ್ರೈ ಸಾಲಿಗೆ ಸೇರಿಬಿಡುತ್ತದೆ. "ನೀನು ಇಡೀ ಊರಿನಲ್ಲಿ ಒಂದು ಪ್ಲೇಟ್ ಗ್ಲುಟೆನ್ ಫ್ರೈ ಕೊಡಿ ಅಂತ ಕೇಳ್ತಾ ಇದ್ದೀಯ" ಅಂತ ಇವರಿಗೆ ನಗು.

ನಾವು ಇಳಿದದ್ದು ಶನಿವಾರ ರಾತ್ರಿ. ಶನಿವಾರ ಸಂಜೆ ಆರಕ್ಕೆ ಅಲ್ಲಿ ಸೂಪರ್ ಮಾರ್ಕೆಟ್ಟುಗಳು ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸೋಮವಾರ. ದೊಡ್ಡ ರೈಲು ನಿಲ್ದಾಣಗಳಲ್ಲಿ ಒಂದೆರಡು ಅಂಗಡಿ ಭಾನುವಾರವೂ ತೆರೆದಿರುತ್ತವೆ ಅನ್ನುವುದು ಗೊತ್ತಾದದ್ದು ಊರು ಬಿಡುವ ದಿನ, ರೈಲು ನಿಲ್ದಾಣದಲ್ಲಿ. ಭಾನುವಾರ ಬೆಳಿಗ್ಗೆ ಹೋಟೆಲಿನ ತಿಂಡಿಯ ಮೇಜಿನಲ್ಲಿ ಒಂಬತ್ತು ಬಗೆಯ ಬ್ರೆಡ್ ಎಣಿಸಿದೆ. ಹಣ್ಣು ಇತ್ತು. ದೊಡ್ಡ ಪಿಂಗಾಣಿ ಬೋಗುಣಿಯಲ್ಲಿ ಗಟ್ಟಿ ಮೊಸರೂ ಇತ್ತು. ಹತ್ತಿರ ಹೋಗಿ ನೋಡಿದರೆ ಮೊಸರಿನ ಬಿಳುಪಿನ ಮೇಲೆ ಧಾನ್ಯದ ಚಕ್ಕೆಗೆ ಒಣಹಣ್ಣು ಬೆರೆಸಿದ ಮ್ಯೂಸ್ಲಿಯ ಮೂರು ಚೂರು, ಅದರ ಪಕ್ಕದಲ್ಲೊಂದು ಒಣದ್ರಾಕ್ಷಿ. ಯಾರೋ ಪುಣ್ಯಾತ್ಮರು ಮ್ಯೂಸ್ಲಿಯ ಚಮಚವನ್ನೇ ಮೊಸರಿಗೂ ಅದ್ದಿದ್ದಾರೆ. ಮುಸುರೆ! ಬಾಳೆಹಣ್ಣು ಸುಲಿದುಕೊಂಡು ಬಂದು ಕೂತೆ.

ಮಧ್ಯಾಹ್ನ ಒಂದು ಹಳೇ ಕಾಲದ ಊಟದ ಮನೆಗೆ ಹೋದೆವು. ಮೆನು ಬಿಡಿಸಿದರೆ ನನಗೆ ಸ್ವರ್ಗವೇ ಕಂಡಿತು. ಪ್ರತಿ ತಿನಿಸಿನ ಮುಂದೆ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರಗಳು. ಎ, ಸಿ, ಜಿ, ಎಲ್, ಎಂ. ಯಾವ ತಿನಿಸಿನಲ್ಲಿ ಯಾವ ಅಲರ್ಜಿಕಾರಕ ಇದೆ ಅಂತ ಗಿರಾಕಿಗೆ ತಿಳಿಸಲೇಬೇಕು ಅನ್ನುವ ಕಾನೂನು ಯುರೋಪಿನ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಇದೆ. ಒಟ್ಟು 14 ಪದಾರ್ಥಗಳ ಪಟ್ಟಿ. ಇಷ್ಟನ್ನು ನಾನು ಓದಿಕೊಂಡೇ ಹೋಗಿದ್ದೆ. ಮಿಕ್ಕಿದ್ದಕ್ಕೆ ನನ್ನ ಸ್ವಂತ ಬುದ್ಧಿ ಉಪಯೋಗಿಸಿದೆ. ಜಿ ಅಂದರೆ ಗ್ಲುಟೆನ್, ಇನ್ನೇನಿರುತ್ತೆ?

"ಜಿ ಇರೋದೆಲ್ಲ ಬಿಟ್ಟುಬಿಟ್ರಾಯ್ತು" ಅಂತ ಇವರಿಗೆ ಪಾಠ ಮಾಡಿದೆ. ಇವರು ಫಿಸಿಕ್ಸ್ ಪ್ರೊಫೆಸರು. "ಹಾಗಾದ್ರೆ ಎ ಅಂದ್ರೇನು?" ಅಂತ ಕೇಳಿದರು. "ಏನೋ ಇರುತ್ತೆ. ಆ್ಯಪಲ್ಲೋ ಏನೋ" ಅಂದೆ. ಆಲೂಗಡ್ಡೆಗೆ ಅಲ್ಲಿ 'ಎರ್ಡೆಪ್ಫೆಲ್', ನೆಲದ ಸೇಬು, ಅನ್ನುತ್ತಾರೆ. ನಾನು ಆರಿಸಿದ್ದು ಆಲೂಗಡ್ಡೆ ಸೂಪು, ಅದರ ಮುಂದೆ ಎ ಮತ್ತು ಎಲ್. ಲೆಕ್ಕ ಸರಿಹೋಯಿತಲ್ಲ! ಮಾಂಸದ ನೀರು ಹಾಕಿದ್ದೀರಾ ಅಂತ ಮಾತ್ರ ಜೋಪಾನವಾಗಿ ವಿಚಾರಿಸಿದೆ. ಇಲ್ಲವಂತೆ. ಸೂಪು ಬಂತು. ಎಂಥ ಸೂಪು! ಚಳಿಗೆ ಬಿಸಿಬಿಸಿ, ಗಟ್ಟಿಯಾಗಿ, ನಮ್ಮ ಮಜ್ಜಿಗೆಹುಳಿಯ ಹದದಲ್ಲಿತ್ತು. ಆಲೂಗಡ್ಡೆ ಅಷ್ಟು ಗಟ್ಟಿ ಹೇಗಾಯಿತು ಅಂತ ನಲವತ್ತು ವರ್ಷ ಅಡುಗೆಮನೆಯಲ್ಲಿ ಕಳೆದವಳಿಗೆ ಅನುಮಾನ ಬರಬೇಡವೇ? ಬರಲಿಲ್ಲ. ಇನ್ನೊಂದು ಬಟ್ಟಲು ತರಿಸಿಕೊಂಡೆ.

ಕೊನೆಗೆ ಕಪ್ಪು ಕೋಟಿನ, ಬಿಳಿ ಮೀಸೆಯ ಮಾಣಿ ಬಂದು ಸಿಹಿ ಏನು ಬೇಕು ಅಂದ. ಮೊದಲಿನ ಎರಡೂ ಹಿಟ್ಟಿನವು. ಮೂರನೆಯದು 'ಮಿಲ್ಶ್‌ರೈಸ್'. ಹಾಲಿನಲ್ಲಿ ಬೇಯಿಸಿದ ಅಕ್ಕಿ, ಸಕ್ಕರೆ, ಮೇಲೆ ದಾಲ್ಚಿನ್ನಿ ಪುಡಿ. ಸಾಕ್ಷಾತ್ ಅಕ್ಕಿ ಪಾಯಸ! ಆದರೆ ಅದರ ಮುಂದೆ ಒಂದೇ ಒಂದು ಅಕ್ಷರ: ಜಿ. ನಾನು ತಲೆಯಾಡಿಸಿ, ಬಹಳ ದುಃಖದಿಂದ, "ಗ್ಲುಟೆನ್" ಅಂದೆ. ಮಾಣಿ ಮೆನುವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಖಾಲಿಯಾದ ಎರಡು ಸೂಪು ಬಟ್ಟಲು ಎತ್ತಿಕೊಂಡು ಹೋದ. ವಿಯೆನ್ನಾದ ಮಾಣಿಗಳ ಬಿಗುಮಾನ ಲೋಕಪ್ರಸಿದ್ಧ. ಅವರು ವಾದಕ್ಕೆ ನಿಲ್ಲುವುದಿಲ್ಲ.

ಆ ರಾತ್ರಿಯ ವರ್ಣನೆ ಬೇಡ. ನಾನು ಬಾತ್‌ರೂಮಿನ ಒಳಗೆ, ಇವರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಮೊಬೈಲು ನೋಡುತ್ತಾ ಸಾಂತ್ವನ ಹೇಳುತ್ತಿದ್ದರು. "ಇಲ್ಕೇಳು, ಈ ಕಾಯಿಲೆಗೆ ಗೋಧಿ ಕಾರಣ ಅಂತ ತೋರಿಸಿಕೊಟ್ಟಿದ್ದು ಡಿಕ್ಕೆ ಅಂತ ನೆದರ್‌ಲ್ಯಾಂಡಿನ ಮಕ್ಕಳ ಡಾಕ್ಟರು. ಅವನಿಗೆ ಮೊದಲಿಂದಲೂ ಅನುಮಾನ ಇತ್ತಂತೆ. 1944-45ರ ಚಳಿಗಾಲದಲ್ಲಿ ಅಲ್ಲಿ ಬರಗಾಲ ಬಂದು ಬ್ರೆಡ್ಡೇ ಸಿಗದೆ ಹೋದಾಗ, ಊರೆಲ್ಲ ಸೊರಗಿದ್ರೆ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡ್ರಂತೆ!" ನಾನು ಒಳಗಿನಿಂದ, "ರೀ, ನನಗೂ ಬರಗಾಲವೇ ವಾಸಿ. ಮೊದಲು ಓಆರ್‌ಎಸ್ ಕಲಸಿ" ಅಂದೆ.

ಬೆಳಿಗ್ಗೆ ಹೋಟೆಲಿನ ಕೌಂಟರಿನ ಹುಡುಗಿಗೆ ಮೆನುವಿನ ಫೋಟೊ ತೋರಿಸಿದೆವು. ಇವರು ಅದೃಷ್ಟಕ್ಕೆ ಕೊನೆಯ ಪುಟವನ್ನೂ ಹೊಡೆದುಕೊಂಡಿದ್ದರು. ಅದರ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಪಟ್ಟಿ ಇತ್ತು. ಹುಡುಗಿ ಓದಿದಳು. ಸಿ ಮೊಟ್ಟೆ. ಎಫ್ ಸೋಯಾ. ಎಲ್ ಸೆಲರಿ. ಎಂ ಸಾಸಿವೆ. ಜಿ...

"ಹಾಲು."

"ಮತ್ತೆ ಎ?" ಅಂತ ಇವರು ಕೇಳಿದರು. ಕೇಳುವ ಅಗತ್ಯವಿತ್ತೇ?

ಆಸ್ಟ್ರಿಯದಲ್ಲಿ ಗ್ಲುಟೆನ್ ಇರುವ ಧಾನ್ಯಗಳಿಗೆ ಎ. ಮೊದಲ ಅಕ್ಷರ, ಮೊದಲ ಸ್ಥಾನ. ನನ್ನಂಥವರಿಗೆ ಅನುಕೂಲವಾಗಲಿ ಅಂತಲೇ ಪಟ್ಟಿಯ ನೆತ್ತಿಯ ಮೇಲೆ ಕೂರಿಸಿದ್ದಾರೆ. ಸೂಪನ್ನು ಗಟ್ಟಿ ಮಾಡಲು ಬೆಣ್ಣೆಯಲ್ಲೋ ಎಣ್ಣೆಯಲ್ಲೋ ಹಿಟ್ಟು ಹುರಿದು ಹಾಕುತ್ತಾರಂತೆ. ಒಂದು ಕಿಲೋಗೆ 20 ಮಿಲಿಗ್ರಾಂ ಮೀರಿದರೆ 'ಗ್ಲುಟೆನ್ ಮುಕ್ತ' ಅಂತ ಲೇಬಲ್ ಹಾಕುವ ಹಾಗಿಲ್ಲ ಅಂತ ಇದೇ ಯುರೋಪಿನಲ್ಲಿ ನಿಯಮವಿದೆ. ನಾನು ಮಿಲಿಗ್ರಾಂ ಲೆಕ್ಕ ಬಿಟ್ಟು ಬಟ್ಟಲ ಲೆಕ್ಕದಲ್ಲಿ ಕುಡಿದಿದ್ದೆ.

ಸೋಮವಾರ ಅಂಗಡಿಗಳು ತೆರೆದವು. ಹುಡುಗಿ ತೋರಿಸಿದ ದಾರಿ ಹಿಡಿದು ಹೋದರೆ ಅದು ಸೋಪು, ಶಾಂಪೂ, ಮಕ್ಕಳ ಡಯಾಪರ್ ಮಾರುವ ಅಂಗಡಿ. ವಾಪಸ್ ಬರುವವಳಿದ್ದೆ; ಇವರು ಒಳಗೆ ಎಳೆದುಕೊಂಡು ಹೋದರು. ಟೂತ್‌ಪೇಸ್ಟಿನ ಸಾಲು ದಾಟಿದರೆ ಒಂದು ಇಡೀ ಗೋಡೆ ಗ್ಲುಟೆನ್ ಇಲ್ಲದ ಬ್ರೆಡ್ಡು, ಬಿಸ್ಕೆಟ್ಟು, ಪಾಸ್ತಾ. ಪೊಟ್ಟಣಗಳ ಮೇಲೆ ಗೋಧಿ ತೆನೆಗೆ ಗೆರೆ ಎಳೆದ ಗುರುತು. ಶತ್ರುವಿನ ಭಾವಚಿತ್ರಕ್ಕೆ ಗೀಟು ಹಾಕಿದ್ದನ್ನು ಕಂಡು ಅಷ್ಟು ಖುಷಿಪಟ್ಟವರು ಇನ್ನೊಬ್ಬರಿರಲಾರರು. ಸಂಜೆ ಬೇಕರಿಯೊಂದರಲ್ಲಿ "ಇದರಲ್ಲಿ ಗೋಧಿ ಇಲ್ಲ, ದಿಂಕೆಲ್ ಮಾತ್ರ" ಅಂತ ಪ್ರೀತಿಯಿಂದ ಕೊಡಲು ಬಂದರು. ದಿಂಕೆಲ್ ಗೋಧಿಯ ದಾಯಾದಿ, ಗ್ಲುಟೆನ್ ತುಂಬಿ ತುಳುಕುತ್ತಿರುತ್ತದೆ. ಅಷ್ಟು ಹೊತ್ತಿಗೆ ನಾನು ಜಾಣೆಯಾಗಿದ್ದೆ. ಮೈದಾ ಬೇಡ ಅಂದರೆ "ಇದು ಗೋಧಿ ಹಿಟ್ಟಿಂದೇ ಮಾಡಿದ್ದು, ತಿನ್ನು" ಅನ್ನುವ ನಮ್ಮ ಅತ್ತಿಗೆಯ ಕೈಯಲ್ಲಿ ಪಳಗಿದವಳು, ಬೇಕರಿಯವರಿಗೆ ಸೋಲುತ್ತೇನೆಯೇ?

ಆದರೆ ಆ ಪಾಯಸ ಮನಸ್ಸಿನಿಂದ ಹೋಗಲಿಲ್ಲ. ಸೋಪಿನಂಗಡಿಯ ಬ್ರೆಡ್ಡು ಮತ್ತು ಕೆಟಲಿನ ಬಿಸಿನೀರಲ್ಲಿ ನೆನೆಸಿದ ಅವಲಕ್ಕಿಯಲ್ಲಿ ನಾಲ್ಕು ದಿನ ದೂಡಿ, ಊರು ಬಿಡುವ ಹಿಂದಿನ ಸಂಜೆ ಅದೇ ಊಟದ ಮನೆಗೆ ಹೋದೆವು. ಅದೇ ಬಿಳಿ ಮೀಸೆ. ಮೆನು ಬಿಡಿಸದೆಯೇ "ಮಿಲ್ಶ್‌ರೈಸ್" ಅಂದೆ. "ಎ ಇಲ್ಲ ತಾನೆ?" "ಎ ಇಲ್ಲ." "ಬರೀ ಜಿ?" "ಬರೀ ಜಿ, ಮ್ಯಾಡಂ." ಮೊದಲ ಸಲ ಅವನ ಮೀಸೆಯ ಕೆಳಗೆ ನಗುವಿನಂಥದ್ದೇನೋ ಕಂಡಿತು. ನನ್ನ ಗುರುತು ಹಿಡಿದಿದ್ದ.

ಬೆಳ್ಳಿಯ ಬಣ್ಣದ ತಟ್ಟೆಯಲ್ಲಿ ಬಟ್ಟಲು ಬಂತು. ಹಬೆಯಾಡುವ ಬಿಳಿ ಪಾಯಸ, ಕರಗುತ್ತಿರುವ ಸಕ್ಕರೆ, ದಾಲ್ಚಿನ್ನಿಯ ಘಮ. ನಟ್ಟನಡುವೆ, ಸ್ವಾತಂತ್ರ್ಯ ದಿನದ ಬಾವುಟದ ಹಾಗೆ ನೆಟ್ಟಗೆ ನಿಂತಿದ್ದ ಒಂದು ವೇಫರ್ ಬಿಸ್ಕೆಟ್. ಮೆನುವಿನಲ್ಲಿ ಇರಲಿಲ್ಲ, ಪಾಪ, ಅವನೇ ಅಕ್ಕರೆಯಿಂದ ಚುಚ್ಚಿದ್ದ.

ನಾನು ಬಿಸ್ಕೆಟ್ಟನ್ನು ತೋರಿಸಿ "ಎ" ಅಂದೆ.

ಅವನು ಬಗ್ಗಿ ನೋಡಿದ. "ಆಹ್!" ಅಂದ. ಎರಡು ಬೆರಳಲ್ಲಿ ಬಹಳ ನಾಜೂಕಾಗಿ ಬಿಸ್ಕೆಟ್ಟನ್ನು ಕಿತ್ತ. ಅದರ ಬುಡದಿಂದ ಕಂದು ಪುಡಿ ನಾಲ್ಕು ಕಾಳು ಪಾಯಸದ ಮೇಲೆ ಉದುರಿತು. ಬಟ್ಟಲನ್ನು ಮತ್ತೆ ನನ್ನ ಮುಂದಕ್ಕೆ ಸರಿಸಿ, "ಈಗ ಗ್ಲುಟೆನ್‌ಫ್ರೈ" ಅಂದ.

ಮುಸುರೆಗೆ ಜರ್ಮನ್‌ನಲ್ಲಿ ಏನಂತಾರೆ ಅಂತ ಇವರು ಮೊಬೈಲು ತಡಕತೊಡಗಿದರು.